ಬ್ಯಾಂಡ್‌ಸಾಗೊಂದು ಮೇಟಿ ಹಲಗೆ

ಇಲಿ ಒಳಗೆ ನುಗ್ಗಲು ಅರ್ಧ ಇಂಚು ಸಂದಿ ಸಾಕು. ಸುಂಡಿಲಿಗೆ ಕಾಲು ಇಂಚೇ ಸಾಕು. ಈ ಲೆಕ್ಕ ನನಗೆ ಗೊತ್ತಾಗುವ ಹೊತ್ತಿಗೆ ಎರಡು ಡ್ರಮ್ಮಿನ ಶೇಂಗಾ ಬೀಜ ಬರೀ ಸಿಪ್ಪೆಯಾಗಿತ್ತು.

ನಮ್ಮದು ಹೊಸದುರ್ಗದ ಕಡೆಯ ಮಳೆ ನಂಬಿದ ಹೊಲ. ಶೇಂಗಾ, ರಾಗಿ, ಸಾವೆ ಬೆಳೆಯುತ್ತೇವೆ. 2022ರಲ್ಲಿ ಮಾರಿಕಣಿವೆ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಊರೂರೇ ನೋಡಲು ಹೋಗಿತ್ತು. ಮರುವರ್ಷವೇ ಬರ. ಆ 2023ರಲ್ಲಿ ಕೈಗೆ ಬಂದ ಅಷ್ಟಿಷ್ಟು ಶೇಂಗಾವನ್ನು ಮಾರದೆ ಬೀಜಕ್ಕೆಂದು ಇಟ್ಟೆ. 200 ಲೀಟರಿನ ಎರಡು ಹಳೆ ಡ್ರಮ್ಮು, ಮುಚ್ಚಳ ಇರಲಿಲ್ಲ. ಗೋಣಿಚೀಲ ಹೊದಿಸಿ ಮೇಲೆ ಹಲಗೆ, ಹಲಗೆ ಮೇಲೆ ಕಲ್ಲು ಇಟ್ಟಿದ್ದೆ. ಮುಂಗಾರಿಗೆ ತೆಗೆದು ನೋಡಿದರೆ ಒಂದೂವರೆ ಎಕರೆಯ ಬೀಜ ಹೋಗಿತ್ತು. 2024ರ ಬಿತ್ತನೆಗೆ ಸಾಲ ಮಾಡಿ ಬೀಜ ಕೊಂಡೆ.

ನಮ್ಮಪ್ಪನ ಕಾಲದಲ್ಲಿ ರಾಗಿಗೆ ಹಗೇವು, ಸಾವೆಗೆ ವಾಡೇವು ಇದ್ದವು. ಈಗ ಎಲ್ಲರ ಮನೆಯಲ್ಲೂ ಡ್ರಮ್ಮು. ಆದರೆ ಕಡಿಮೆ ಬೆಲೆಗೆ ಸಿಗುವ ಹಳೆ ಡ್ರಮ್ಮಿಗೆ ಮುಚ್ಚಳ ಇರುವುದಿಲ್ಲ. ಆದ್ದರಿಂದ ಮುಚ್ಚಳ ನಾವೇ ಮಾಡೋಣ ಅಂತ ಹೊರಟೆ.

ಮೊದಲು ಸೋತದ್ದು

ಸಾಮಿಲ್ಲಿಗೆ ಹೋಗಿ ಕೇಳಿದೆ. ಅಲ್ಲಿಯವರು ನಕ್ಕರು. ದಿಮ್ಮಿ ಸೀಳುವ ಬ್ಲೇಡು ಅಂಗೈ ಅಗಲ ಇರುತ್ತದೆ, ಅದು ನೇರ ಹೋಗುತ್ತದೆಯೇ ಹೊರತು ತಿರುಗುವುದಿಲ್ಲ. ದುಂಡಗೆ ಕೊಯ್ಯಲು ಸಣ್ಣ ಬ್ಲೇಡಿನ ಮಿಷನ್ನೇ ಬೇಕು. ಕಾಲು ಇಂಚಿನ ಬ್ಲೇಡು ಸುಮಾರು ಮುಕ್ಕಾಲು ಇಂಚು ತ್ರಿಜ್ಯದವರೆಗೂ ತಿರುಗುತ್ತದೆ. ಅರ್ಧ ಇಂಚಿನದಕ್ಕೆ ಎರಡೂವರೆ ಇಂಚಾದರೂ ಬೇಕು. ಡ್ರಮ್ಮಿನ ಮುಚ್ಚಳಕ್ಕೆ ಯಾವುದಾದರೂ ಆಗುತ್ತದೆ.

ನಮ್ಮೂರ ಆಚಾರ್ರ ಹತ್ತಿರ 12 ಇಂಚಿನ ಸಣ್ಣ ಬ್ಯಾಂಡ್‌ಸಾ ಇದೆ. ಪ್ಲೈವುಡ್ಡಿನ ಮೇಲೆ ಗೆರೆ ಎಳೆದುಕೊಂಡು ಬರಿಗೈಯಲ್ಲಿ ತಿರುಗಿಸಿ ಎರಡು ಮುಚ್ಚಳ ಕೊಯ್ದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದಿ.

"ಯಜಮಾನ್ರೇ, ಕಣದಲ್ಲಿ ಎತ್ತು ಗೆರೆ ನೋಡ್ಕಂಡು ಸುತ್ತುತ್ತಾ? ಮೇಟಿ ಇದ್ರೆ ತಾನೇ ಸುತ್ತುತ್ತೆ" ಅಂದರು ಆಚಾರ್ರು.

ಅಷ್ಟೇ ಸಾಕಾಯಿತು. ಕಣದಲ್ಲಿ ಮೇಟಿ ನಿಂತಿರುತ್ತದೆ, ಎತ್ತು ಸುತ್ತುತ್ತದೆ. ಇಲ್ಲಿ ಬ್ಲೇಡು ಒಂದೇ ಕಡೆ ಇರುತ್ತದೆ, ಹಲಗೆಯೇ ಮೊಳೆಯ ಸುತ್ತ ತಿರುಗಬೇಕು. ಮೊಳೆಯೇ ಮೇಟಿ. ಅದಕ್ಕೇ ಇದನ್ನು ಮೇಟಿ ಹಲಗೆ ಅಂತ ಕರೆದೆವು.

ಬೇಕಾದ ಸಾಮಾನು

12 ಮಿ.ಮೀ. ಪ್ಲೈವುಡ್ 24×18 ಇಂಚಿನದು ಒಂದು. ಅದರ ಮೇಲೆ ಅಂಟಿಸಲು 6 ಮಿ.ಮೀ. ಪ್ಲೈವುಡ್ಡಿನ ಎರಡು ತುಂಡು. ಅದೇ 6 ಮಿ.ಮೀ.ಯಲ್ಲಿ ಒಂದೂವರೆ ಇಂಚು ಅಗಲ, 18 ಇಂಚು ಉದ್ದದ ಪಟ್ಟಿ. ಎರಡು ರೀಪು, ಒಂದು ದಪ್ಪ ಮೊಳೆ, ಸ್ಕ್ರೂ, ಅಂಟು, ಎರಡು ಸಿ-ಕ್ಲಾಂಪು. ಆಚಾರ್ರ ಅಂಗಡಿಯ ಚೂರುಗಳಲ್ಲೇ ನಮ್ಮದು ಮುಗಿಯಿತು.

ಮಾಡುವ ಕ್ರಮ

1. ದೊಡ್ಡ ಹಲಗೆಯ 24 ಇಂಚಿನ ಬದಿ ನಿಮ್ಮ ಕಡೆ ಇರಲಿ. ಆ ಅಂಚಿನಿಂದ 9 ಇಂಚು ಒಳಗೆ, ಅಂಚಿಗೆ ಸರಿಸಮವಾಗಿ ಅಡ್ಡ ಗೆರೆ ಎಳೆಯಿರಿ.

2. ಆ ಗೆರೆ ನಡುವೆ ಬರುವ ಹಾಗೆ ಒಂದೂವರೆ ಇಂಚು ಗಾಡಿ ಬಿಟ್ಟು, ಎರಡು ಪಕ್ಕಕ್ಕೂ 6 ಮಿ.ಮೀ. ತುಂಡು ಅಂಟಿಸಿ. ಪಟ್ಟಿ ಈ ಗಾಡಿಯಲ್ಲಿ ಅಲುಗಾಡದೆ ಜಾರಬೇಕು, ಮೇಲ್ಮೈ ಎಲ್ಲಾ ಒಂದೇ ಮಟ್ಟ ಇರಬೇಕು.

3. ಪಟ್ಟಿಯ ಒಂದು ತುದಿಯ ಹತ್ತಿರ ಅಡಿಯಿಂದ ಮೊಳೆ ಹೊಡೆಯಿರಿ. ಮೊಳೆಯ ತಲೆ ಪಟ್ಟಿಯೊಳಗೆ ಇಳಿದಿರಲಿ. ಮೇಲೆ 7 ಮಿ.ಮೀ. ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ ಅರದಿಂದ ಉಜ್ಜಿ.

4. ಹಲಗೆಯ ಎಡ ಅಂಚಿನಿಂದ 4 ಇಂಚಿಗೆ, ಗಾಡಿಗೆ ಮೂಲೆಮಟ್ಟ ಇಟ್ಟು ಮುಂದಿನಿಂದ ಒಂದು ಗೆರೆ ಎಳೆಯಿರಿ. ಮಿಷನ್ನು ಚಾಲೂ ಮಾಡಿ ಹಲಗೆಯನ್ನೇ ಈ ಗೆರೆಯ ಮೇಲೆ ಕೊಯ್ಯುತ್ತಾ ಹೋಗಿ. ಬ್ಲೇಡಿನ ಹಲ್ಲು ಗಾಡಿಯ ನಡುಗೆರೆ ಮುಟ್ಟಿದ ಕೂಡಲೇ ನಿಲ್ಲಿಸಿ, ಸ್ವಿಚ್ಚು ಆಫ್ ಮಾಡಿ.

5. ಹಲಗೆ ಕದಲಿಸದೆ, ಅದರ ಅಡಿಗೆ ಮಿಷನ್ನಿನ ಮೇಜಿನ ಮುಂದಿನ ಅಂಚಿಗೆ ತಾಗುವ ಹಾಗೆ ಒಂದು ರೀಪು, ಬಲ ಅಂಚಿಗೆ ಇನ್ನೊಂದು ರೀಪು ಸ್ಕ್ರೂ ಮಾಡಿ. ರೀಪುಗಳನ್ನು ಮೇಜಿನ ಅಂಚಿಗೆ ಕೆಳಗಿನಿಂದ ಕ್ಲಾಂಪು ಹಾಕಿ. ಮೇಲಿನಿಂದ ಹಾಕಿದರೆ ಕೊಯ್ಯುವ ತುಂಡು ತಿರುಗುವಾಗ ಅಡ್ಡ ಬರುತ್ತದೆ. ಬಲಕ್ಕೆ ಚಾಚಿಕೊಂಡ ಭಾಗಕ್ಕೆ ನೆಲದಿಂದ ಒಂದು ಊರುಗೋಲು ಕೊಡಿ.

ನಾಲ್ಕನೆಯದೇ ಮುಖ್ಯ

ಇಡೀ ಕೆಲಸದ ಗುಟ್ಟು ಇಷ್ಟೇ: ಮೊಳೆ ಮತ್ತು ಬ್ಲೇಡಿನ ಹಲ್ಲಿನ ತುದಿ ಒಂದೇ ಅಡ್ಡಗೆರೆಯಲ್ಲಿ ಇರಬೇಕು, ಆ ಗೆರೆ ಬ್ಲೇಡಿಗೆ ಮೂಲೆಮಟ್ಟ ಇರಬೇಕು. ನಾನು ಮೊದಲ ಸಲ ಬ್ಲೇಡಿನ ಬೆನ್ನಿಗೆ ಸರಿಯಾಗಿ ಮೊಳೆ ಇಟ್ಟಿದ್ದೆ. ಅರ್ಧ ಇಂಚು ತಾನೇ ಅಂದುಕೊಂಡೆ. ಬ್ಲೇಡು ಒಂದು ಕಡೆ ಒತ್ತಿಕೊಂಡು ಸುಟ್ಟ ವಾಸನೆ ಬಂತು. ಸುತ್ತು ಮುಗಿಯುವಾಗ ಕೊಯ್ತ ಶುರುವಾದ ಜಾಗಕ್ಕೆ ಬಂದು ಸೇರಲಿಲ್ಲ. ಕೊನೆಗೆ ಬ್ಲೇಡು ಗಾಲಿಯಿಂದ ಜಾರಿತು. ತಪ್ಪು ಮಿಷನ್ನಿನದಲ್ಲ, ಮೇಟಿಯದು.

ಎಲ್ಲಾ ಸರಿಯಿದ್ದೂ ಹೊಗೆ ಬಂದರೆ ಬ್ಲೇಡಿನ ಹಲ್ಲು ಮೊಂಡಾಗಿರಬಹುದು, ಇಲ್ಲವೇ ಒಂದು ಪಕ್ಕದ ಹಲ್ಲು ಸವೆದು ಬ್ಲೇಡು ಇನ್ನೊಂದು ಕಡೆ ಎಳೆಯುತ್ತಿರಬಹುದು. ಮೊದಲು ಹೊಸ ಬ್ಲೇಡು ಹಾಕಿ ನೋಡಿ. ಆಮೇಲೂ ಎಳೆದರೆ ರೀಪಿಗೂ ಮೇಜಿಗೂ ನಡುವೆ ತೆಳು ರಟ್ಟು ಕೊಟ್ಟು ಹಲಗೆಯನ್ನು ಒಂದೆಳೆ ಸರಿಸಿ ಪರೀಕ್ಷೆ ಮಾಡಿ.

ಕೊಯ್ಯುವ ಕ್ರಮ

ಡ್ರಮ್ಮಿನ ಬಾಯನ್ನು ಎರಡು ಕಡೆಯಿಂದ ಅಳೆಯಿರಿ. ಹಳೆ ಡ್ರಮ್ಮು ನೆಗ್ಗಿರುತ್ತದೆ. ನಮ್ಮದರ ಒಳಬಾಯಿ 22½ ಇಂಚು. ಒಂದು ಮುಚ್ಚಳಕ್ಕೆ ಎರಡು ಬಿಲ್ಲೆ: ಬಾಯೊಳಗೆ ಕೂರುವುದು 22¼ ಇಂಚು, ಅಂಚಿನ ಮೇಲೆ ಕೂರುವುದು 23¾ ಇಂಚು. ದೊಡ್ಡದನ್ನು 24 ಇಂಚು ಮಾಡಲಿಲ್ಲ. ಯಾಕೆಂದರೆ 8×4 ಅಡಿಯ ಹಾಳೆಯಲ್ಲಿ ಎಂಟು ಚೌಕ ಬರಬೇಕಾದರೆ ಗರಗಸ ತಿನ್ನುವ ಪುಡಿಗೂ ಜಾಗ ಬೇಕು. ಒಂದು ಹಾಳೆಗೆ ನಾಲ್ಕು ಮುಚ್ಚಳ.

ಬಿಲ್ಲೆ ಎಷ್ಟು ಅಗಲವೋ ಅಷ್ಟೇ ಅಳತೆಯ ಚೌಕ ತುಂಡು ಮಾಡಿಕೊಳ್ಳಿ. ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ನಡುಮಧ್ಯ ಸಿಗುತ್ತದೆ. ಅಲ್ಲಿ ಮೊಳೆ ದಪ್ಪಕ್ಕೆ ತಕ್ಕ ತೂತು ಕೊರೆಯಿರಿ, ಆರ್‌ಪಾರ್ ಹೋಗಬಾರದು. 12 ಮಿ.ಮೀ. ಹಲಗೆಗೆ 8 ಮಿ.ಮೀ. ಆಳ ಸಾಕು.

ಪಟ್ಟಿ ಜಾರಿಸಿ ಅಳತೆ ಹಿಡಿಯಿರಿ. ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ವಾಲಿರುತ್ತವೆ. ಮೊಳೆಯ ಕಡೆ ವಾಲಿದ ಹಲ್ಲಿನಿಂದ ಮೊಳೆಯ ನಡುವಿಗೆ ಅಳೆಯಬೇಕು. 22¼ಕ್ಕೆ ಅದು 11⅛ ಇಂಚು. ಆಮೇಲೆ ಹಲಗೆಯ ಅಡಿಯಿಂದ ಪಟ್ಟಿಗೆ 16 ಮಿ.ಮೀ.ಯ ಎರಡು ಸ್ಕ್ರೂ ಬಿಗಿಯಿರಿ.

ಚೌಕದ ಒಂದು ಬದಿಯ ಮಧ್ಯಭಾಗ ಬ್ಲೇಡಿಗೆ ಬರುವಂತೆ ತುಂಡನ್ನು ಮೊಳೆಯ ಮೇಲೆ ಕೂರಿಸಿ. ಮೇಲಿನ ಗೈಡನ್ನು ಮರದಿಂದ ಕಾಲು ಇಂಚು ಎತ್ತರಕ್ಕೆ ಇಳಿಸಿ. ಮಿಷನ್ನು ಪೂರ್ತಿ ವೇಗಕ್ಕೆ ಬಂದ ಮೇಲೆ ತುಂಡನ್ನು ಪ್ರದಕ್ಷಿಣೆ ಹಾಕುವ ದಿಕ್ಕಿಗೆ ನಿಧಾನ ತಿರುಗಿಸಿ. ಒತ್ತಬೇಡಿ. ನಾಲ್ಕು ಮೂಲೆಯೂ ಬಿದ್ದುಹೋದರೆ ಬಿಲ್ಲೆ ಸಿದ್ಧ.

ಎರಡೂ ಬಿಲ್ಲೆಯನ್ನು ತೂತಿರುವ ಮುಖಗಳು ಒಳಗೆ ಬರುವಂತೆ, ಎರಡು ತೂತಿಗೂ ಒಂದೇ ಮೊಳೆ ತುಂಡು ಇಟ್ಟು ಅಂಟಿಸಿ ಸ್ಕ್ರೂ ಹಾಕಿದರೆ ನಡು ತಪ್ಪುವುದಿಲ್ಲ. ಒಳಬಿಲ್ಲೆಯ ಅಂಚಿಗೆ ಸುತ್ತಲೂ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಹೊಡೆಯಿರಿ. ಬಿಗಿಯಾಗಿ ಕೂರುತ್ತದೆ. ಮೇಲ್ಬಿಲ್ಲೆಯ ಅಂಚಿಗೆ ತಗಡು ಹೊಡೆದರೆ ಇಲಿಗೆ ಹಲ್ಲು ಹಾಕಲು ಜಾಗ ಸಿಗುವುದಿಲ್ಲ.

ಎಚ್ಚರಿಕೆ

ನಮ್ಮ ಹಳ್ಳಿಯ ಕರೆಂಟು ನಿಮಗೆ ಗೊತ್ತೇ ಇದೆ. ಒಂದು ದಿನ ಅರ್ಧ ಕೊಯ್ದಾಗ ಹೋಯಿತು. ಸ್ವಿಚ್ಚು ಹಾಗೇ ಬಿಟ್ಟು ಬೀಡಿ ಹಚ್ಚಲು ಹೊರಗೆ ಬಂದೆ. ನಮ್ಮ ಮನೆಯವಳು ಮೇಜಿನ ಮೇಲಿನ ಹೊಟ್ಟನ್ನು ಕೈಯಲ್ಲಿ ಬಾಚುತ್ತಿದ್ದಳು. ಕರೆಂಟು ಬಂತು, ಮಿಷನ್ನು ತಾನಾಗಿ ತಿರುಗಿತು. ಅವಳ ಬಳೆಗೂ ಬ್ಲೇಡಿಗೂ ನಾಲ್ಕು ಬೆರಳು ಅಂತರ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕರೆಂಟು ಹೋದ ಕೂಡಲೇ ಸ್ವಿಚ್ಚು ಆಫ್ ಮಾಡಿ, ಪ್ಲಗ್ಗು ಕಿತ್ತಿಡಿ. ಪಂಚೆ, ಹೆಗಲ ಮೇಲಿನ ಟವೆಲ್ಲು, ಕೈಗವಸು ಬೇಡ. ಕಣ್ಣಿಗೆ ಕನ್ನಡಕ ಇರಲಿ. ಕೈಯನ್ನು ಬ್ಲೇಡಿನ ಎದುರು ತರದೆ ತುಂಡಿನ ಬಲ ಅಂಚು ಹಿಡಿದು ತಿರುಗಿಸಿ.

ಮುಚ್ಚಳ ಬಿಗಿಯಾದಷ್ಟೂ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹಸಿ ಕಾಯಿ ತುಂಬಿದರೆ ಇಲಿಯ ಬದಲು ಬೂಷ್ಟು ತಿನ್ನುತ್ತದೆ. ಕಾಯಿ ಅಲುಗಿಸಿದರೆ ಕಾಳು ಗಲಗಲ ಅನ್ನಬೇಕು, ಕಾಳು ಉಜ್ಜಿದರೆ ಮೇಲಿನ ಸಿಪ್ಪೆ ಬಿಡಬೇಕು. ಆಗ ತುಂಬಿ.

2024ರ ಶೇಂಗಾ ಕಿತ್ತ ಮೇಲೆ ನಾಲ್ಕು ಡ್ರಮ್ಮಿಗೆ ಈ ಮುಚ್ಚಳ ಹಾಕಿದೆ. 2025ರ ಮುಂಗಾರಿಗೆ ತೆಗೆದಾಗ ಒಂದು ಕಾಯಿಯೂ ಕಡಿದಿರಲಿಲ್ಲ. ಆ ಸಲ ಬೀಜಕ್ಕೆ ಸಾಲ ಮಾಡಲಿಲ್ಲ. ಆಚಾರ್ರು ಅದೇ ಹಲಗೆಯಲ್ಲಿ ಈಗ ರೊಟ್ಟಿ ಮಣೆ, ಹುರಿ ಹೊಸೆಯುವ ಚಕ್ರ ಕೊಯ್ದು ಕೊಡುತ್ತಾರೆ. ಟ್ಯೂಬಿನ ರಬ್ಬರು ಎರಡು ವರ್ಷಕ್ಕೆ ಬಿರುಕು ಬಿಡುತ್ತದೇನೋ ಅನ್ನುವ ಅನುಮಾನ ನನಗಿದೆ. ಅದಕ್ಕಿಂತ ಬಾಳಿಕೆ ಬರುವುದು ಯಾರಿಗಾದರೂ ಗೊತ್ತಿದ್ದರೆ ಈ ಪತ್ರಿಕೆಗೆ ಬರೆಯಿರಿ, ನಾನೂ ಮಾಡಿ ನೋಡುತ್ತೇನೆ.