ಹಿರಿಯ ಮಗುವಿನ ಹಕ್ಕು

ನಿಮ್ಮ ಮನೆಗೆ ಹೊಸ ಕಂದ ಬಂದಿದೆ. ನೆಂಟರೆಲ್ಲ ತೊಟ್ಟಿಲ ಸುತ್ತ ಸೇರಿದ್ದಾರೆ. ನಿನ್ನೆಯವರೆಗೆ ತಾಯಿಯ ಮಗ್ಗುಲಲ್ಲಿ ಮಲಗುತ್ತಿದ್ದ ಹಿರಿಯ ಮಗು ಬಾಗಿಲ ಮರೆಯಲ್ಲಿ ನಿಂತಿರುವುದನ್ನು ಗಮನಿಸಿದಿರಾ? "ಇನ್ನು ನಿನ್ನನ್ನು ಯಾರು ಕೇಳುತ್ತಾರೆ?" ಎಂದು ಯಾರೋ ತಮಾಷೆ ಮಾಡುತ್ತಾರೆ. ಮಗು ಅದನ್ನೇ ನಿಜವೆಂದು ನಂಬುತ್ತದೆ. ಅದು ಹಠ ಹಿಡಿಯುವುದು, ಮತ್ತೆ ಹಾಸಿಗೆ ಒದ್ದೆ ಮಾಡುವುದು ತುಂಟತನವಲ್ಲ. ನಾನು ಈಗಲೂ ನಿಮಗೆ ಬೇಕೇ ಎಂಬ ಪ್ರಶ್ನೆ ಅದು.

ತಂದೆಗೆ ಯೂಸುಫ್(ಅ) ಮತ್ತು ಅವರ ತಮ್ಮನೇ ಹೆಚ್ಚು ಪ್ರಿಯರೆಂಬ ಭಾವನೆ ಅಣ್ಣಂದಿರನ್ನು ಎಲ್ಲಿಗೆ ಒಯ್ದಿತೆಂಬುದನ್ನು ಪವಿತ್ರ ಕುರ್‌ಆನ್ ತಿಳಿಸಿದೆ. ನುಅ್‌ಮಾನ್ ಬಿನ್ ಬಶೀರ್(ರ)ರಿಗೆ ಅವರ ತಂದೆ ಒಂದು ಕೊಡುಗೆ ನೀಡಿದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಟ್ಟು ಮಕ್ಕಳ ನಡುವೆ ನ್ಯಾಯ ಪಾಲಿಸಲು ಆದೇಶಿಸಿದರು. ಆ ತಂದೆ ಕೊಡುಗೆಯನ್ನು ಹಿಂಪಡೆದರು. ವಸ್ತುವಿನಲ್ಲಿ ನ್ಯಾಯ ಬೇಕೆಂದಾದರೆ ಮುತ್ತಿನಲ್ಲಿ, ಮಡಿಲಿನಲ್ಲಿ ಬೇಡವೇ?

ಆದ್ದರಿಂದ ಅಕೀಕದ ದಿನ ಹಿರಿಯ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. "ನೀನು ದೊಡ್ಡವನಲ್ಲವೇ" ಎಂದು ದೂರ ಸರಿಸಬೇಡಿ. ಕಂದ ನಿದ್ರಿಸಿದಾಗ ಸ್ವಲ್ಪ ಹೊತ್ತನ್ನು ಅದಕ್ಕಾಗಿಯೇ ಮೀಸಲಿಡಿ. ಅದು ಹುಟ್ಟಿದ ದಿನ ನೀವೆಷ್ಟು ಸಂತೋಷಪಟ್ಟಿದ್ದಿರೆಂಬುದನ್ನು ಹೇಳಿ. ಪ್ರೀತಿ ಹೃದಯದಲ್ಲಿದ್ದರೆ ಸಾಲದು, ಮಗುವಿಗೆ ಅದು ಕಾಣಿಸಬೇಕು.