ಪರಂಪರೆಯಿಂದ ಮೂಡಿದ ಮುಂದಾಳುಗಳು

ಮುಂದಾಳುಗಳು ಹುಟ್ಟಿನಿಂದಲೇ ಸಿದ್ಧರಾಗಿ ಬರುವುದಿಲ್ಲ. ಜನರ ಇಂದಿನ ಕಷ್ಟವನ್ನು ಕಾಣುವ ಕಣ್ಣೂ ನಾಡಿನ ಹಿಂದಿನ ಬಾಳನ್ನು ಅರಿತ ಮನಸ್ಸೂ ಕೂಡಿದಾಗ ಅವರು ರೂಪುಗೊಳ್ಳುತ್ತಾರೆ. ಕರ್ನಾಟಕ ಏಕೀಕರಣದ ಇತಿಹಾಸವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ರೋಣ, ಗಜೇಂದ್ರಗಡಗಳ ಸುತ್ತಲಿನದು ಬೇಸಾಯವನ್ನೇ ನೆಚ್ಚಿದ ಲಕ್ಕಲಕಟ್ಟಿಯಂಥ ಹಳ್ಳಿಗಳ ಸೀಮೆ. ಇಲ್ಲಿನ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ ಇಂದಿಗೂ ನಿಂತಿದೆ. 11ನೆಯ ಶತಮಾನದಲ್ಲಿ ಆ ಅರಸುಮನೆತನದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದಳು. ಸಮೀಪದ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇಂತಹ ಹಿರಿಮೆಯ ನಾಡು 19ನೆಯ ಶತಮಾನದಲ್ಲಿ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಮುಂತಾದ ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಗುಡಿಯ ಶಾಸನಗಳ ನುಡಿ ಕನ್ನಡವಾಗಿದ್ದರೂ ಕಚೇರಿಗಳಲ್ಲಿ ಮರಾಠಿಯು ಪ್ರಬಲವಾಗಿತ್ತು. ತಮ್ಮ ಭಾಷೆಗೆ ಬೆಲೆಯಿಲ್ಲದ ಕಡೆ ಜನರು ತಮ್ಮನ್ನೇ ಕೀಳೆಂದು ಭಾವಿಸತೊಡಗುತ್ತಾರೆ.

ಈ ಕೀಳರಿಮೆಯನ್ನು ನೀಗಲು ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾಯಿತು. ಅಲ್ಲಿ ದುಡಿದವರಲ್ಲಿ ಆಲೂರು ವೆಂಕಟರಾಯರು ಪ್ರಮುಖರು. 1905ರಲ್ಲಿ ಹಂಪೆಯ ಹಾಳುಗಳನ್ನು ಕಂಡಾಗ ಅವರ ಮನಸ್ಸು ಕಲಕಿತು. ಆದರೆ ಅವರು ಹಳೆಯ ವೈಭವವನ್ನು ನೆನೆದು ಕಣ್ಣೀರಿಡುತ್ತ ಕೂಡಲಿಲ್ಲ. ಊರೂರು ತಿರುಗಿ ಭಾಷಣ ಮಾಡಿದರು, ಪತ್ರಿಕೆಗಳನ್ನು ನಡೆಸಿದರು, 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಆ ಗ್ರಂಥವನ್ನು ಓದಿದ ತರುಣರಿಗೆ ಚಾಲುಕ್ಯರೂ ರಾಷ್ಟ್ರಕೂಟರೂ ತಮ್ಮ ಹಿರಿಯರಾಗಿ ತೋರಿದರು. ಹಿರಿಯರ ಮನೆಯನ್ನು ಮತ್ತೆ ಕಟ್ಟುವ ಹೊಣೆ ತಮ್ಮದೆಂಬ ಅರಿವು ಅವರಲ್ಲಿ ಮೂಡಿತು.

ಆ ಹೊಣೆಯನ್ನು ಹೊತ್ತವರಲ್ಲಿ ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರೂ ಒಬ್ಬರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸವನ್ನು ಅನುಭವಿಸಿದ ಅವರು ತಮ್ಮ ಮನೆಯ ಗೋಡೆಯ ಮೇಲೆ ಕನ್ನಡ ಭುವನೇಶ್ವರಿಯ ಚಿತ್ರವನ್ನು ಬರೆಯಿಸಿದರು. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡ ಪಾಟೀಲರು 23 ದಿನ ಉಪವಾಸ ಮಾಡಿದರು. ಅದೇ ವರ್ಷ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯ ಸದಸ್ಯತ್ವವನ್ನು ತೊರೆದರು. ಅಧಿಕಾರವನ್ನು ಪಡೆಯುವುದಕ್ಕಿಂತ ಧ್ಯೇಯಕ್ಕಾಗಿ ಅದನ್ನು ಬಿಡುವುದು ಕಠಿಣವಾದ ಕಾರ್ಯ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅಂದು ಮುಪ್ಪಿನ ಆಲೂರರು ಹಂಪೆಯಲ್ಲಿ ಭುವನೇಶ್ವರಿಯನ್ನು ಪೂಜಿಸಿದರು. ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರೇ ಇತ್ತು. ಕರ್ನಾಟಕವೆಂದೇ ಕರೆಯಬೇಕೆಂದು ದೊಡ್ಡಮೇಟಿಯವರು ಒತ್ತಾಯಿಸಿದರು. ಆ ಹೆಸರು ಬಂದುದು 1973ರಲ್ಲಿ. ಅದನ್ನು ಕಾಣಲು ಅವರು ಇರಲಿಲ್ಲ. 1972ರಲ್ಲೇ ಅವರು ತೀರಿಕೊಂಡಿದ್ದರು.

ಪರಂಪರೆಯು ಮುಂದಾಳುಗಳನ್ನು ರೂಪಿಸುವುದು ನಮ್ಮ ನಾಡಿನಲ್ಲಿ ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೊ ಮೂಲದ ಕೂಲಿಗಳು ದ್ರಾಕ್ಷಿ ತೋಟಗಳಲ್ಲಿ ಅಲ್ಪ ಕೂಲಿಗೆ ದುಡಿಯುತ್ತಿದ್ದರು. 1965ರಲ್ಲಿ ಡೆಲಾನೊ ಎಂಬ ಊರಿನಲ್ಲಿ ಫಿಲಿಪಿನೊ ಕೂಲಿಗಳು ಆರಂಭಿಸಿದ ಮುಷ್ಕರವನ್ನು ಸೀಸರ್ ಚಾವೆಜ್ ಎಂಬ ಮುಂದಾಳುವಿನೊಡನೆ ಅವರೂ ಸೇರಿದರು. ಲೂಯಿಸ್ ವಾಲ್ಡೆಜ್ ಎಂಬ ನಾಟಕಕಾರನು ಆ ಕೂಲಿಗಳಿಂದಲೇ ಪ್ರಹಸನಗಳನ್ನು ಆಡಿಸಿದನು. ಲಾರಿಯ ಹಿಂಭಾಗವೇ ರಂಗಸ್ಥಳವಾಯಿತು. ತಮ್ಮ ನುಡಿ, ಹಾಡು, ಹಾಸ್ಯಗಳನ್ನು ರಂಗದ ಮೇಲೆ ಕಂಡ ಜನರಲ್ಲಿ ಧೈರ್ಯ ಮೂಡಿತು. 1970ರಲ್ಲಿ ತೋಟಗಳ ಒಡೆಯರು ಅವರ ಸಂಘದೊಡನೆ ಒಪ್ಪಂದ ಮಾಡಿಕೊಂಡರು.

ಹಿರಿಯರ ಕೀರ್ತಿಯನ್ನು ಹಾಡಿ ಹೊಗಳುವುದು ಸುಲಭ. ಅದಕ್ಕೆ ತಕ್ಕಂತೆ ದುಡಿಯುವುದು ಕಷ್ಟ. ಹಳ್ಳಿಯ ಗುಡಿ, ಶಾಸನ, ಜನಪದ ಹಾಡುಗಳನ್ನು ಅರಿತು, ಆ ಅರಿವನ್ನು ನೆರೆಹೊರೆಯವರ ಹಿತಕ್ಕೆ ತಿರುಗಿಸಬಲ್ಲವರೇ ನಿಜವಾದ ಮುಂದಾಳುಗಳು. ಪರನುಡಿಯನ್ನಾಗಲಿ ಪರಜನರನ್ನಾಗಲಿ ಹಳಿಯದೆ ತನ್ನತನವನ್ನು ಉಳಿಸಿಕೊಳ್ಳುವುದೇ ಅಂಥವರ ಲಕ್ಷಣ.