ಡ್ಯಾಫೊಡಿಲ್ ಪ್ರದರ್ಶನ: ಉದ್ಯಮಿಗಳಿಗೊಂದು ಪಾಠ

ಬ್ರಿಟನ್ನಿನ ಹಳ್ಳಿ, ಪಟ್ಟಣಗಳಲ್ಲಿ ವಸಂತ ಋತುವಿನಲ್ಲಿ ನಡೆಯುವ ಪುಷ್ಪ ಪ್ರದರ್ಶನಗಳಲ್ಲಿ ಡ್ಯಾಫೊಡಿಲ್ ಹೂವಿಗೆ ವಿಶೇಷ ಸ್ಥಾನವಿದೆ. ಅದರ ಸಿದ್ಧತೆಯ ಕ್ರಮವು ಗುಣಮಟ್ಟವನ್ನೇ ನಂಬಿರುವ ನಮ್ಮ ಸಣ್ಣ ಉದ್ಯಮಿಗಳಿಗೂ ಪರಿಶೀಲನಾರ್ಹವಾಗಿದೆ.

ಬೇಸಾಯ: ಗಡ್ಡೆಗಳನ್ನು ಸೆಪ್ಟೆಂಬರ್ ವೇಳೆಗೆ, ಅವುಗಳ ಎತ್ತರದ 2ರಿಂದ 3 ಪಟ್ಟು ಆಳದಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ ನೆಡಬೇಕು. ಹೂ ಮುಗಿದೊಡನೆ ಎಲೆಗಳನ್ನು ಕತ್ತರಿಸಬಾರದು. ಕನಿಷ್ಠ 6 ವಾರ ಉಳಿದ ಎಲೆಗಳೇ ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗಡ್ಡೆಯಲ್ಲಿ ಶೇಖರಿಸುತ್ತವೆ. ಲಾಭದ ಮರುಹೂಡಿಕೆಯೂ ಇಂಥದೇ.

ವರ್ಗೀಕರಣ: ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು ಈ ಹೂಗಳನ್ನು 13 ವಿಭಾಗಗಳಾಗಿ ವಿಂಗಡಿಸಿದೆ. ಕಾಂಡಕ್ಕೊಂದೇ ಹೂ ಬಿಡುವ ಮೊದಲ 3 ವಿಭಾಗಗಳನ್ನು ಅಳತೆಯೇ ನಿರ್ಧರಿಸುತ್ತದೆ. ನಡುವಿನ ಬಟ್ಟಲು ದಳಗಳಷ್ಟೇ ಅಥವಾ ಅವುಗಳಿಗಿಂತ ಉದ್ದವಿದ್ದರೆ ವಿಭಾಗ 1. ದಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದು ದಳಕ್ಕಿಂತ ಕಡಿಮೆಯಿದ್ದರೆ ವಿಭಾಗ 2. ಮೂರನೆಯ ಒಂದು ಭಾಗವನ್ನು ಮೀರದಿದ್ದರೆ ವಿಭಾಗ 3.

ಪ್ರದರ್ಶನ: ನಿಯಮಪಟ್ಟಿಯಲ್ಲಿ 'ಒಂದೇ ತಳಿಯ 3 ಹೂಗಳು' ಎಂದಿದ್ದರೆ ಮೂರೂ ಗಾತ್ರ, ಬಣ್ಣ ಹಾಗೂ ಅರಳಿದ ಹಂತದಲ್ಲಿ ಸಮನಾಗಿರಬೇಕು. ಒಂದು ಮಾತ್ರ ಅತಿ ದೊಡ್ಡದಾಗಿದ್ದರೆ ಉಳಿದೆರಡರ ಕುಂದು ಎದ್ದು ಕಾಣುತ್ತದೆ. 4 ಹೂ ಇಟ್ಟರಂತೂ 'ನಿಯಮಾನುಸಾರವಾಗಿಲ್ಲ' ಎಂಬ ಷರಾ ಬಿದ್ದು, ಶ್ರೇಷ್ಠ ಹೂಗಳೂ ಅನರ್ಹಗೊಳ್ಳುತ್ತವೆ.

ಸರಕು ಉತ್ತಮವಾಗಿದ್ದರೂ ದಾಖಲೆಗಳು ಲೆಟರ್ ಆಫ್ ಕ್ರೆಡಿಟ್‌ನ ಷರತ್ತಿಗೆ ಹೊಂದದಿದ್ದರೆ ಬ್ಯಾಂಕು ಪಾವತಿಯನ್ನು ನಿರಾಕರಿಸಬಹುದೆಂಬುದನ್ನು ನಮ್ಮ ರಫ್ತುದಾರರು ಬಲ್ಲರು. ಆದುದರಿಂದ ಮೊದಲು ಷರತ್ತನ್ನು ಓದಬೇಕು. ಹೂ ಕೊಯ್ಯುವುದು ಆಮೇಲಿನ ಕೆಲಸ.